ಬೈರಮಂಗಲ ಕೆರೆಯನ್ನು ಮೊದಲು ಈಗಿರುವ ಜನರಿಗಾಗಿ ಶುದ್ಧ ಮಾಡಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳು ಮತ್ತು ಮಾನ್ಯ ಬೆಂಗಳೂರು ನಗರಾಭಿವೃದ್ಧಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಬೈರಮಂಗಲ ಕೆರೆಗೆ ಬರುತ್ತಿರುವ ಬೆಂಗಳೂರಿನ ಕೊಳಚೆ ನೀರು, ಮತ್ತು ಆ ಕೆರೆಯ ಸುತ್ತಲಿನ ಹಳ್ಳಿಗಳ ಭವಿಷ್ಯ

ಮಾನ್ಯರೇ,

ನಮಸ್ಕಾರ. ನಾನು ಬೈರಮಂಗಲ ಕೆರೆಯ ಅಚ್ಚುಕಟ್ಟಿಗೆ ಸೇರಿದ ಒಂದು ಸಣ್ಣ ಹಳ್ಳಿಯವಳು. ನಮ್ಮದು ಒಂದೂಕಾಲು ಎಕರೆ ಜಮೀನು, ನಾಲ್ಕು ಹಸು. ಕೆಲಸಕ್ಕೆ ದಿನಾ ಬೆಂಗಳೂರಿಗೆ ಹೋಗಿ ಬರುತ್ತೇನೆ. ಅಂದರೆ ಹಗಲು ನಗರದ ನಲ್ಲಿ ನೀರು, ರಾತ್ರಿ ಅದೇ ನಗರ ಬಳಸಿ ಬಿಟ್ಟ ನೀರಿನ ವಾಸನೆ. ನಮ್ಮೂರ ಹಿರಿಯರು ಈ ಕೆರೆಯ ಬಗ್ಗೆ ಕೊಡದ ಅರ್ಜಿ ಇಲ್ಲ. ಮುದ್ರೆ ಬಿದ್ದ ಅರ್ಜಿಯ ಪ್ರತಿಗಳು ಎಷ್ಟೋ ಮನೆಗಳಲ್ಲಿ ಪಹಣಿಯ ಜೊತೆಗೇ ಕಟ್ಟಿಟ್ಟಿವೆ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಕೇಳಿಕೆ ಮೊದಲೇ ಹೇಳಿಬಿಡುತ್ತೇನೆ. ಈ ಕೆರೆಯನ್ನು ಶುದ್ಧ ಮಾಡುವುದಾದರೆ ಈಗ ಅದರ ದಡದಲ್ಲಿ ಬದುಕುತ್ತಿರುವವರಿಗಾಗಿ ಮಾಡಿ. ಇಲ್ಲೊಂದು ಹೊಸ ನಗರ ಬರುತ್ತದೆ, ಅದರ ನಡುವೆ ಚಂದದ ಕೆರೆ ಬೇಕು ಅಂತ, ನಮ್ಮನ್ನೆಲ್ಲ ಎಬ್ಬಿಸಿದ ಮೇಲೆ ಮಾಡಬೇಡಿ.

ಬೆಂಗಳೂರಿನವರಲ್ಲಿ ತುಂಬಾ ಜನಕ್ಕೆ ಬೈರಮಂಗಲ ಎಲ್ಲಿದೆ ಅಂತ ಗೊತ್ತಿರಲಿಕ್ಕಿಲ್ಲ. ಮೈಸೂರು ರಸ್ತೆಯಲ್ಲಿ ಬಿಡದಿವರೆಗೆ ಬನ್ನಿ, ತಟ್ಟೆ ಇಡ್ಲಿ ತಿನ್ನಲಿಕ್ಕೆ ನೀವೆಲ್ಲ ಬಂದೇ ಇರುತ್ತೀರಿ, ಅಲ್ಲಿಂದ ಎಡಕ್ಕೆ ತಿರುಗಿ ಒಳಗೆ ಬಂದರೆ ನಮ್ಮ ಕೆರೆ. 1940ರ ದಶಕದಲ್ಲಿ ವೃಷಭಾವತಿ ನದಿಗೆ ಅಡ್ಡ ಏರಿ ಹಾಕಿ ಕಟ್ಟಿದ್ದು. ಎರಡು ಕಡೆಗೆ ನಾಲೆ, ಕೆಳಗೆ ಸಾವಿರಾರು ಎಕರೆ ಬಯಲು. ನಾವು ಕೆರೆ ಅಂತ ಕರೆದರೂ ಇದು ಜಲಾಶಯವೇ. ಕಟ್ಟಿಸಿದ್ದು ನೀರಾವರಿಗೆ. ಭತ್ತ, ಕಬ್ಬು ಬೆಳೆಯಲಿ, ಈ ಒಣ ಸೀಮೆಯ ಜನ ಎರಡು ಹೊತ್ತು ಅನ್ನ ಉಣ್ಣಲಿ ಅಂತ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಹತ್ತಿರ ವೃಷಭಾವತಿ ಹುಟ್ಟುತ್ತದೆ ಅಂತ ನಂಬಿಕೆ. ಆ ನದಿಯಲ್ಲಿ ಬೇಸಿಗೆಯಲ್ಲಿ ಮರಳು ತೋಡಿ ಒರತೆ ಮಾಡಿ ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದರು ಅಂತ ನನ್ನ ಅಜ್ಜಿ ಹೇಳುತ್ತಿದ್ದರು. ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಬತ್ತುವ ನದಿ ಅದು. ಈಗ ನೋಡಿ, ವರ್ಷದ ಹನ್ನೆರಡು ತಿಂಗಳೂ ತುಂಬಿ ಹರಿಯುತ್ತದೆ. ಮಳೆ ಕೈಕೊಟ್ಟ ವರ್ಷವೂ ನಮ್ಮ ಕೆರೆ ತುಂಬಿರುತ್ತದೆ. ಸುತ್ತಲಿನ ತಾಲ್ಲೂಕುಗಳ ಕೆರೆಗಳಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾಗಲೂ ನಮ್ಮ ತೂಬಿನಲ್ಲಿ ನೀರು ಧುಮುಕುತ್ತಿರುತ್ತದೆ. ಹೊರಗಿನವರು ನೋಡಿದರೆ ಎಂಥಾ ಪುಣ್ಯವಂತರಪ್ಪ ಅಂದುಕೊಳ್ಳಬೇಕು. ಅದು ಮಳೆಯ ನೀರಲ್ಲ ಸಾರ್. ಪಶ್ಚಿಮ ಬೆಂಗಳೂರಿನ ಬಚ್ಚಲು, ಪಾಯಿಖಾನೆ, ಬಟ್ಟೆ ಒಗೆದ ನೀರು, ಅದರ ಜೊತೆಗೆ ಪೀಣ್ಯದ ಕಡೆಯಿಂದ, ಕುಂಬಳಗೋಡಿನಿಂದ, ಬಿಡದಿಯಿಂದ ಕಾರ್ಖಾನೆಗಳು ಬಿಟ್ಟ ನೀರು. ಗಾಳಿ ಆಂಜನೇಯ ದೇವಸ್ಥಾನದ ಪಕ್ಕ ಹಾದು, ಕೆಂಗೇರಿ ದಾಟಿ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಸೇರಿಸಿಕೊಂಡು ಕೊನೆಗೆ ಬಂದು ನಿಲ್ಲುವುದು ನಮ್ಮ ಏರಿಗೆ.

ತೂಬಿನ ಹತ್ತಿರ ಒಂದು ಸಲ ಬಂದು ನಿಲ್ಲಿ. ನೀರು ಮೇಲಿಂದ ಬೀಳುವ ಜಾಗದಲ್ಲಿ ನೊರೆ ಏಳುತ್ತದೆ. ನಗರದಲ್ಲಿ ಬಳಸಿದ ಸೋಪಿನ ಪುಡಿ, ಶಾಂಪೂ, ಪಾತ್ರೆ ತಿಕ್ಕುವ ದ್ರವ, ಇದೆಲ್ಲ ಸರಿಯಾಗಿ ಕರಗಿ ಹಾಳಾಗದೆ ನೀರಿನಲ್ಲೇ ಉಳಿದಿರುತ್ತದೆ. ಎತ್ತರದಿಂದ ಬಿದ್ದಾಗ ಅದಕ್ಕೆ ಗಾಳಿ ಸೇರಿ ನೊರೆ. ಬೆಳಗ್ಗೆ ಬಿಳಿ ಇರುತ್ತದೆ, ಬಿಸಿಲು ಏರಿದ ಹಾಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಗಾಳಿ ಬಂದರೆ ತುಂಡು ತುಂಡಾಗಿ ಹಾರಿ ನಾಲೆ ಪಕ್ಕದ ರಾಗಿ ಹೊಲದ ಮೇಲೆ, ದಾರಿಯಲ್ಲಿ ಹೋಗುವವರ ಮೈಮೇಲೆ ಕೂರುತ್ತದೆ. ಮೈಗೆ ತಾಗಿದ ಜಾಗ ತುರಿಸುತ್ತದೆ. ಸ್ಕೂಲಿಗೆ ಹೋಗುವ ಮಕ್ಕಳಿಗೆ ಅದೊಂದು ಆಟ, ಕೋಲಲ್ಲಿ ಹೊಡೆಯುತ್ತಾ ಹೋಗುತ್ತವೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತದೆ.

ವಾಸನೆಯದ್ದು ಇನ್ನೊಂದು ಕತೆ. ಕೊಳೆತ ನೀರಿನಿಂದ ಏಳುವ ಗಂಧಕದ ಅನಿಲ ಬೆಳ್ಳಿ ತಾಮ್ರ ಯಾವುದನ್ನೂ ಬಿಡುವುದಿಲ್ಲ. ನನ್ನ ಅಕ್ಕನ ಮಗಳಿಗೆ ಹಾಕಿದ ಬೆಳ್ಳಿ ಕಾಲ್ಗೆಜ್ಜೆ ಕೆಲವೇ ವಾರದಲ್ಲಿ ಕರ್ರಗಾಯಿತು. ಬೆಳ್ಳಿ ಕೆಲಸದವರ ಹತ್ತಿರ ಪಾಲಿಶ್ ಮಾಡಿಸಿದರೆ ಮತ್ತೆ ಅದೇ ಬಣ್ಣ. ಕೆರೆಗೆ ಹತ್ತಿರದ ಮನೆಗಳಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗಿನ ತಾಮ್ರ ಕಪ್ಪಾಗಿ ಕೆಡುತ್ತದೆ, ಫ್ರಿಜ್ ಬಾಳಿಕೆ ಬರುವುದಿಲ್ಲ. ಲೋಹಕ್ಕೇ ಹೀಗಾದರೆ ಅದೇ ಗಾಳಿ ಕುಡಿಯುವ ಮಕ್ಕಳ ಎದೆಗೆ ಏನಾಗುತ್ತದೆ ಅಂತ ಯಾರಾದರೂ ಬಂದು ನೋಡಿದ್ದಾರಾ? ಸಂಜೆಯಾದರೆ ಸೊಳ್ಳೆ. ದನದ ಕೊಟ್ಟಿಗೆಗೂ ಪರದೆ ಕಟ್ಟಬೇಕು. ಬೋರ್‌ವೆಲ್ ನೀರು ಬಿಂದಿಗೆಯಲ್ಲಿ ರಾತ್ರಿ ಇಟ್ಟರೆ ಬೆಳಗ್ಗೆ ಅದರ ಮೇಲೆ ಪದರ ಕಟ್ಟಿರುತ್ತದೆ. ಕೆರೆ ಪಕ್ಕದಲ್ಲೇ ಇದ್ದು ಕುಡಿಯುವ ನೀರಿಗೆ ಕ್ಯಾನ್ ಹಿಡಿದು ದುಡ್ಡು ಹಾಕುವ ಘಟಕದ ಮುಂದೆ ನಿಲ್ಲುವವರು ನಾವು.

ಹಾಗಿದ್ದರೂ ಈ ನೀರಲ್ಲೇ ಬೆಳೆ ಬೆಳೆಯುತ್ತೀರಲ್ಲಾ ಅಂತ ಕೆಲವರು ಕೇಳುತ್ತಾರೆ. ಬೇರೆ ಎಲ್ಲಿಂದ ತರುವುದು? ನದಿಯಲ್ಲಿ ಇರುವುದೇ ಇದು.

ಭತ್ತ ಹೇಗೆ ಹೋಯಿತು ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ರೈತರೇ ಆಸೆಗೆ ಬಿದ್ದು ಬೆಳೆ ಬದಲಾಯಿಸಿದರು ಅನ್ನುವವರಿದ್ದಾರೆ. ಕೊಳಚೆ ನೀರಿನಲ್ಲಿ ಸಾರಜನಕ ಜಾಸ್ತಿ. ಭತ್ತಕ್ಕೆ ಅದು ಮಿತಿ ಮೀರಿದರೆ ಪೈರು ಎದೆಯೆತ್ತರ ಹಚ್ಚಗೆ ಬೆಳೆಯುತ್ತದೆ, ನೋಡಲಿಕ್ಕೆ ಬಲು ಸೊಗಸು, ಆಮೇಲೆ ಭಾರಕ್ಕೆ ಮಲಗುತ್ತದೆ, ತೆನೆಯಲ್ಲಿ ಜೊಳ್ಳು. ನಾಟಿ ಮಾಡಲು ಗದ್ದೆಗೆ ಇಳಿದ ಹೆಂಗಸರ ಕಾಲಿನ ಬೆರಳ ಸಂದಿಯಲ್ಲಿ ಹುಣ್ಣು. ನನ್ನ ಅಮ್ಮನಿಗೆ ಆ ಹುಣ್ಣಿನ ಕಲೆ ಇವತ್ತಿಗೂ ಇದೆ. ದುಪ್ಪಟ್ಟು ಕೂಲಿ ಕೊಡುತ್ತೇವೆ ಅಂದರೂ ಕೊನೆಕೊನೆಗೆ ಆ ಕೆಸರಿಗೆ ಯಾರೂ ಇಳಿಯಲಿಲ್ಲ. ಹೀಗೆ ಭತ್ತ ಹೋಯಿತು. ಜನ ಸುಮ್ನೆ ಕೂರಲಿಲ್ಲ. ಈ ನೀರಿಗೆ ಏನು ತಾಳುತ್ತದೆ ಅಂತ ತಾವೇ ಹುಡುಕಿದರು. ಸೀಮೆಹುಲ್ಲು ತಾಳುತ್ತದೆ, ಗೊಬ್ಬರ ಹಾಕದೆಯೂ ಬೆಳೆಯುತ್ತದೆ. ಬೇಬಿ ಕಾರ್ನ್ ತಾಳುತ್ತದೆ, ಎರಡು ತಿಂಗಳಿಗೆ ಕಾಸು ಕೈಗೆ, ಎಳೆ ತೆನೆ ಮಾರಿದ ಮೇಲೆ ಹಸಿ ದಂಟು ಹಸುವಿಗೆ ಮೇವು. ತೆಂಗು, ಹಿಪ್ಪುನೇರಳೆ. ರಾಮನಗರದ ಗೂಡಿನ ಮಾರುಕಟ್ಟೆ ಹತ್ತಿರವೇ ಇರುವುದರಿಂದ ರೇಷ್ಮೆ ಹಿಡಿದವರೂ ಇದ್ದಾರೆ. ಮೇವು ಯಥೇಚ್ಛವಾಗಿರುವುದರಿಂದ ಹೈನುಗಾರಿಕೆ. ಯಾವ ಇಲಾಖೆಯೂ ಬಂದು ಕಲಿಸಿದ್ದಲ್ಲ ಇದು. ನಿಮ್ಮ ಕೊಳಚೆಯ ಜೊತೆ ಬದುಕುವುದನ್ನು ನಮ್ಮ ಹಿಂದಿನ ತಲೆಮಾರು ಕಷ್ಟಪಟ್ಟು ಕಲಿತಿದೆ. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ಇದರಲ್ಲಿ ಬೆಂಗಳೂರಿನ ಜನ ಗಮನಿಸಬೇಕಾದ ಒಂದು ಮಾತಿದೆ. ಈ ಬಯಲಿನ ಮಣ್ಣಿನಲ್ಲಿ, ಇಲ್ಲಿ ಬೆಳೆದ ತರಕಾರಿಯಲ್ಲಿ ಭಾರ ಲೋಹಗಳು ಇವೆ ಅಂತ ಅಧ್ಯಯನ ಮಾಡಿದವರು ಬರೆದಿದ್ದಾರೆ. ಬಚ್ಚಲು ನೀರಿನ ಗಲೀಜಾದರೂ ದಿನ ಕಳೆದ ಹಾಗೆ ಕೊಳೆತು ಮುಗಿಯುತ್ತದೆ. ಲೋಹಕ್ಕೆ ಲೇಪನ ಹಾಕುವ ಕಾರ್ಖಾನೆ, ಬಣ್ಣದ ಕಾರ್ಖಾನೆಗಳಿಂದ ಬರುವ ಲೋಹ ಹಾಗಲ್ಲ, ಮಣ್ಣಲ್ಲಿ ಕೂತರೆ ಏಳುವುದಿಲ್ಲ. ಇಲ್ಲಿನ ಎಳೆ ಜೋಳ ನಗರದ ಹೋಟೆಲುಗಳಿಗೆ ಹೋಗುತ್ತದೆ, ಈ ಹುಲ್ಲು ತಿಂದ ಹಸುವಿನ ಹಾಲು ನಗರದ ಕಾಫಿಗೆ ಹೋಗುತ್ತದೆ. ಇದನ್ನು ಬರೆಯುವಾಗ ನನ್ನ ಕೈ ಹಿಂಜರಿಯಿತು. ನಾಳೆ ನಮ್ಮೂರ ಹಾಲು ಬೇಡ ಅಂದುಬಿಟ್ಟರೆ ನಮ್ಮ ಮನೆ ನಡೆಯುವುದಿಲ್ಲ. ಆದರೂ ಬರೆದಿದ್ದೇನೆ. ನಮ್ಮ ಹಾಲನ್ನು ಬೇಡ ಅನ್ನುವುದು ಪರಿಹಾರ ಅಲ್ಲ, ನೀರನ್ನು ಸರಿ ಮಾಡುವುದು ಪರಿಹಾರ.

ಈಗ ಲೆಕ್ಕಕ್ಕೆ ಬರುತ್ತೇನೆ. ಬೆಂಗಳೂರಿಗೆ ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಎತ್ತಿ ತರುತ್ತೀರಿ. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆ ಆಯಿತು, ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಒಳ್ಳೆಯದೇ, ಆ ಹಳ್ಳಿಗಳ ಜನ ಎಷ್ಟೋ ವರ್ಷ ಟ್ಯಾಂಕರ್‌ಗೆ ಕಾದವರು, ಅವರಿಗೆ ನೀರು ಬಂದಿದ್ದು ನನಗೆ ಸಂತೋಷವೇ. ಆದರೆ ಮನೆಗೆ ಕೊಟ್ಟ ನೀರಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಭಾಗ ಚರಂಡಿಗೆ ಬರುತ್ತದೆ ಅನ್ನುವುದು ನಿಮ್ಮ ಎಂಜಿನಿಯರುಗಳೇ ಇಟ್ಟುಕೊಂಡಿರುವ ಲೆಕ್ಕ. ಹಾಗಾದರೆ 775ರಲ್ಲಿ ಸುಮಾರು 600 ದಶಲಕ್ಷ ಲೀಟರ್ ಹೊಸ ಕೊಳಚೆ. ಅದರಲ್ಲಿ ವೃಷಭಾವತಿ ಕಣಿವೆಗೆ ಎಷ್ಟು ಬರುತ್ತದೆ, ಅದಕ್ಕೆ ಶುದ್ಧೀಕರಣ ಘಟಕ ಎಲ್ಲಿ ತಯಾರಿದೆ, ನಮ್ಮ ಹಳ್ಳಿಯ ಯಾರಿಗೂ ಯಾರೂ ಹೇಳಿಲ್ಲ. ನೀರು ತರುವ ಕೊಳವೆಗೆ ಉದ್ಘಾಟನೆ ಇದೆ, ಹೂವಿನ ಹಾರ ಇದೆ. ಹೊರಗೆ ಹೋಗುವ ನೀರಿನ ಬಗ್ಗೆ ಆ ವೇದಿಕೆಯಲ್ಲಿ ಒಂದು ಮಾತಾದರೂ ಬೇಡವೇ?

ಇನ್ನೂ ಒಂದು. ಕಾವೇರಿ ನ್ಯಾಯಮಂಡಳಿ ನೀರು ಹಂಚುವಾಗ, ಕುಡಿಯುವ ನೀರಿಗೆ ಕೊಟ್ಟದ್ದರಲ್ಲಿ ನೂರಕ್ಕೆ 20 ಭಾಗ ಮಾತ್ರ ನಿಜವಾಗಿ ಖರ್ಚಾಗುತ್ತದೆ, ಉಳಿದದ್ದು ತಿರುಗಿ ನದಿಗೆ ಸೇರುತ್ತದೆ ಅಂತ ಲೆಕ್ಕ ಹಿಡಿದಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿಗೆಂದೇ 4.75 ಟಿಎಂಸಿ ಹೆಚ್ಚು ಕೊಟ್ಟಿತು. ಆ ತಿರುಗಿ ಸೇರುವ ನೀರು ಯಾವ ದಾರಿಯಲ್ಲಿ ಹೋಗುತ್ತದೆ ಗೊತ್ತಾ? ಒಂದು ಪಾಲು ನಮ್ಮ ಕೆರೆಗೆ ಬಂದು, ನಮ್ಮ ನಾಲೆಯಲ್ಲಿ ಹರಿದು, ಮುಂದೆ ಅರ್ಕಾವತಿ ಸೇರಿ, ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಕೋರ್ಟಿನ ಕಾಗದದಲ್ಲಿ ಅದು ನದಿಗೆ ವಾಪಸಾದ ನೀರು. ಆ ಕಾಗದದಲ್ಲಿ ನಮ್ಮ ಹಳ್ಳಿಗಳ ಹೆಸರಿಲ್ಲ. ಕಾವೇರಿಗಾಗಿ ಬೀದಿಗೆ ಇಳಿಯುವ ಎಲ್ಲ ಸಂಘಟನೆಗಳಿಗೂ ನನ್ನ ಪ್ರಾರ್ಥನೆ, ನಮ್ಮ ಪಾಲಿನ ನೀರು ಕೇಳಿದಷ್ಟೇ ಗಟ್ಟಿಯಾಗಿ ನಾವು ಅದನ್ನು ಹೇಗೆ ಹಿಂತಿರುಗಿಸುತ್ತಿದ್ದೇವೆ ಅಂತಲೂ ಕೇಳಿ.

ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ಬೆಂಕಿ ಹತ್ತಿದಾಗ ಇಡೀ ದೇಶದ ಟಿವಿಗಳು ಬಂದವು. 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ ದಂಡ ಹಾಕಿ, ಕೆರೆ ಶುದ್ಧ ಮಾಡಲು 500 ಕೋಟಿ ಬೇರೆಯಾಗಿ ಎತ್ತಿಡಿ ಅಂತ ಹೇಳಿತು. ಅದೇ ವರ್ಷ ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ-ಚಲ್ಲಘಟ್ಟ ಕಣಿವೆಯ) ಶುದ್ಧ ಮಾಡಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹೋದಾಗ ಅಲ್ಲಿಯೂ ನೊರೆ ಕಾಣಿಸಿತು, ಗಲಾಟೆ ಆಯಿತು, ವಿಷಯ ಕೋರ್ಟಿಗೆ ಹೋಯಿತು. ಕೋಲಾರಕ್ಕೆ ಹೋಗುವುದು ಎರಡು ಹಂತ ಶುದ್ಧ ಮಾಡಿದ ನೀರು, ಅದು ಸಾಲದು, ಮೂರನೇ ಹಂತವೂ ಬೇಕು ಅಂತ ಅಲ್ಲಿನ ಜನ ಕೇಳುತ್ತಿದ್ದಾರೆ. ಅವರ ಮಾತು ಸರಿಯೇ. ಈಗ ಅದೇ ಮಾದರಿಯಲ್ಲಿ ವೃಷಭಾವತಿ ಕಣಿವೆಯ ನೀರನ್ನು ಶುದ್ಧ ಮಾಡಿ ನೆಲಮಂಗಲ, ತುಮಕೂರು ಕಡೆಯ ಕೆರೆಗಳಿಗೆ ಕೊಳವೆಯಲ್ಲಿ ಕಳಿಸುವ ಯೋಜನೆ ನಿಮ್ಮ ಕೈಯಲ್ಲಿದೆ. ಆ ಕಡೆಯ ರೈತರಿಗೆ ನೀರು ಸಿಗಲಿ. ಆದರೆ ಮೇಲಿನ ಕೆರೆಗಳಿಗೆ ಶುದ್ಧ ಮಾಡಿ ಎತ್ತಿ ಕಳಿಸಲು ಆಗುತ್ತದೆ ಅಂದ ಮೇಲೆ, ನದಿಯ ದಾರಿಯಲ್ಲೇ ಇರುವ ನಮಗೆ ಶುದ್ಧ ಮಾಡದೆ ಬಿಡುವುದಕ್ಕೆ ಏನು ಕಾರಣ? ಒಳ್ಳೆಯ ನೀರು ಅತ್ತ ಹೋಗಿ, ಉಳಿದ ಕೊಳಚೆ ಮಾತ್ರ ನಮ್ಮ ಪಾಲಿಗೆ ಉಳಿದರೆ ಇಲ್ಲಿ ನೀರು ಇನ್ನೂ ಕೆಟ್ಟು ಹೋಗುತ್ತದೆ. ಈ ಭಯ ನಮ್ಮ ಅಚ್ಚುಕಟ್ಟಿನ ರೈತರಲ್ಲಿದೆ. ಇದಕ್ಕೆ ಉತ್ತರ ಬರವಣಿಗೆಯಲ್ಲಿ ಬೇಕು.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಕೊಳಕು ನೀರನ್ನು ಕೆರೆಗೆ ಬಿಡದೆ ಪಕ್ಕದಲ್ಲೇ ಕಾಲುವೆ ತೆಗೆದು ಕೆಳಕ್ಕೆ ಸಾಗಿಸುವ ಕೆಲಸ ಕೈಗೆತ್ತಿಕೊಂಡಿದ್ದೀರಿ. ನಮ್ಮ ಸುತ್ತ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ಕೆರೆಯಾದರೂ ಉಳಿಯಲಿ ಅನ್ನುವವರು ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಇದು ಕಸವನ್ನು ನಮ್ಮ ಅಂಗಳದಿಂದ ಪಕ್ಕದ ಮನೆ ಅಂಗಳಕ್ಕೆ ಗುಡಿಸಿದ ಹಾಗೆ. ನಮ್ಮ ಕೆಳಗೂ ಹಳ್ಳಿಗಳಿವೆ. ಅರ್ಕಾವತಿ ದಂಡೆಯಲ್ಲಿ ನೆಂಟರಿದ್ದಾರೆ, ಹೊಲಗಳಿವೆ, ದನಕರು ಇವೆ. ಕೆರೆಯಲ್ಲಿ ನಿಂತು ಸ್ವಲ್ಪವಾದರೂ ತಿಳಿಯಾಗುತ್ತಿದ್ದ ನೀರು ಇನ್ನು ನೇರ ಅವರ ಬಾಗಿಲಿಗೆ ಹೋಗುತ್ತದೆ. ಅದೂ ಅಲ್ಲದೆ ಕೊಳಚೆಯನ್ನು ಪಕ್ಕಕ್ಕೆ ತಿರುಗಿಸಿದರೆ ಬೇಸಿಗೆಯಲ್ಲಿ ಕೆರೆಗೆ ಬೇರೆ ನೀರು ಎಲ್ಲಿಂದ ಬರುತ್ತದೆ, ಅಚ್ಚುಕಟ್ಟಿನ ಬೆಳೆಗೆ ಏನು ಗತಿ, ಅದನ್ನೂ ಹೇಳಬೇಕಲ್ಲ? ಗಲೀಜನ್ನು ಅದು ಹುಟ್ಟುವ ಜಾಗದಲ್ಲೇ ಹಿಡಿಯಬೇಕು. ಬೆಂಗಳೂರಿನಲ್ಲಿ, ಮೋರಿ ಮೋರಿಯಲ್ಲಿ, ಕಾರ್ಖಾನೆ ಕಾರ್ಖಾನೆಯ ಹಿಂಬಾಗಿಲಲ್ಲಿ. ಕೆಂಗೇರಿ ದಾಟಿದ ಮೇಲೆ ಏನೇ ಮಾಡಿದರೂ ಅದು ದಾರಿ ಬದಲಾಯಿಸುವ ಕೆಲಸವೇ.

ಈಗ ಮುಖ್ಯ ವಿಷಯ. 2006ರಲ್ಲೇ ಬಿಡದಿ ಸುತ್ತ ಟೌನ್‌ಶಿಪ್ ಅಂತ ಶುರುವಾಯಿತು. ಆಮೇಲೆ ತಣ್ಣಗಾಯಿತು. 2025ರ ಮಾರ್ಚ್‌ನಲ್ಲಿ ಮತ್ತೆ ಅದಕ್ಕೆ ಜಮೀನು ಸ್ವಾಧೀನ ಮಾಡಿಕೊಳ್ಳುವ ಪ್ರಾಥಮಿಕ ಅಧಿಸೂಚನೆ ಬಂತು. ಬೈರಮಂಗಲ, ಬನ್ನಿಗೆರೆ, ಹೊಸೂರು, ಕಂಚುಗಾರನಹಳ್ಳಿ, ಅರಳಾಳುಸಂದ್ರ ಸೇರಿ ಒಂಬತ್ತು ಹಳ್ಳಿ, 7 ಸಾವಿರ ಎಕರೆಗೂ ಜಾಸ್ತಿ. ಅದೇ ವರ್ಷ ರಾಮನಗರ ಜಿಲ್ಲೆ ಅನ್ನುವ ಹೆಸರೂ ಹೋಗಿ ಬೆಂಗಳೂರು ದಕ್ಷಿಣ ಆಯಿತು. ಅಂದಿನಿಂದ ನಮ್ಮ ಕಡೆ ಮದುವೆ ಮನೆಗೆ ಹೋದರೂ, ಸಾವಿನ ಮನೆಗೆ ಹೋದರೂ ಇದೇ ಮಾತು. ರೈತರು ಧರಣಿ ಕೂತರು. ಒಪ್ಪಿಕೊಂಡವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ಸಾಲ ಇರುವವರು, ಮಕ್ಕಳೆಲ್ಲ ನಗರ ಸೇರಿ ಹೊಲ ನೋಡುವವರಿಲ್ಲದವರು, ಒಳ್ಳೆಯ ಬೆಲೆ ಬಂದರೆ ಕೊಟ್ಟುಬಿಡೋಣ ಅನ್ನುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಗಳು ಇವೆ, ಅದು ಮಾತ್ರ ನೋಡಲಾಗುವುದಿಲ್ಲ.

ನನಗೆ ಅತ್ಯಂತ ನೋವು ಕೊಟ್ಟಿದ್ದು ಒಂದು ವಾದ. ಹೇಗಿದ್ದರೂ ಅಲ್ಲಿನ ನೀರು ಕೆಟ್ಟಿದೆ, ಮಣ್ಣು ಕೆಟ್ಟಿದೆ, ವ್ಯವಸಾಯಕ್ಕೆ ಯೋಗ್ಯವಲ್ಲ, ಕೊಟ್ಟು ಹೋಗುವುದೇ ಒಳ್ಳೆಯದು ಅಂತ ಹೊರಗಿನ ಕೆಲವರು ಹೇಳುತ್ತಿದ್ದಾರೆ. ಕೆಡಿಸಿದ್ದು ಯಾರು? ನಾವಾ? ಐವತ್ತು ವರ್ಷದಿಂದ ನಗರದ ಹೊಲಸನ್ನು ಒಂದು ಪೈಸೆ ಪರಿಹಾರ ಇಲ್ಲದೆ ಹೊತ್ತುಕೊಂಡವರಿಗೆ ಆ ಹೊಲಸನ್ನೇ ಕಾರಣ ಮಾಡಿ ಎದ್ದು ಹೋಗಿ ಅನ್ನುವುದು ಯಾವ ನ್ಯಾಯ? ಆಮೇಲೆ ಹೊಸ ನಗರ ಕಟ್ಟಿ, ಕೆರೆಯನ್ನು ಶುದ್ಧ ಮಾಡಿ, ಸುತ್ತ ನಡಿಗೆ ದಾರಿ, ದೀಪ, ಬೆಂಚು ಹಾಕಿದರೆ ಅದು ನಮ್ಮ ಕಣ್ಣಿಗೆ ಹೇಗೆ ಕಾಣಬೇಕು? ಫ್ಲ್ಯಾಟ್ ಕೊಳ್ಳುವವರಿಗೆ ವಾಸನೆ ಬರಬಾರದು, ನಮಗೆ ಬಂದರೆ ನಡೆಯುತ್ತದೆ ಅಂತ ತಾನೇ ಅದರ ಅರ್ಥ? ಕೆರೆ ಶುದ್ಧ ಮಾಡಲು ತಂತ್ರಜ್ಞಾನ ಇದೆ, ದುಡ್ಡು ಇದೆ, ಮನಸ್ಸು ಇದೆ ಅಂತ ಆ ಟೌನ್‌ಶಿಪ್ ನಕ್ಷೆಗಳೇ ಹೇಳುತ್ತವೆ. ಹಾಗಿದ್ದರೆ ಇಷ್ಟು ವರ್ಷ ಯಾಕೆ ಆಗಲಿಲ್ಲ?

2025ರ ಜುಲೈನಲ್ಲಿ ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ 13 ಹಳ್ಳಿಗಳ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಬಿಸಿಲು ಮಳೆಯಲ್ಲಿ ಕೂತ ರೈತರ ಮಾತಿಗೆ ಬೆಲೆ ಸಿಕ್ಕಿತು. ಅಲ್ಲಿ ಫಲವತ್ತಾದ ಭೂಮಿ ಅಂತ ಒಪ್ಪಿಕೊಂಡಿರಿ. ನಮ್ಮ ಬಯಲೂ ಫಲವತ್ತಾದ ಭೂಮಿಯೇ. ಮೇಲಿನಿಂದ ಬರುವ ವಿಷ ನಿಲ್ಲಿಸಿ ನೋಡಿ, ಇದು ಏನು ಬೆಳೆಯುತ್ತದೆ ಅಂತ.

ಜಮೀನಿನ ಜೊತೆಗೆ ಜಮೀನಿಲ್ಲದವರ ಮಾತೂ ಇದೆ, ಪರಿಹಾರದ ಚರ್ಚೆಯಲ್ಲಿ ಅವರ ಹೆಸರೇ ಬರುವುದಿಲ್ಲ. ಎಕರೆಗೆ ಎಷ್ಟು ಕೋಟಿ ಅನ್ನುವುದು ಪಹಣಿ ಇದ್ದವರ ಲೆಕ್ಕ. ಬೇಬಿ ಕಾರ್ನ್ ಸಿಪ್ಪೆ ಬಿಡಿಸುವ ಹೆಂಗಸರು, ಹುಲ್ಲು ಕೊಯ್ದು ಹೊರೆ ಮಾರುವವರು, ಫಸಲಿನಲ್ಲಿ ಪಾಲು ಕೊಡುವ ಕರಾರಿನ ಮೇಲೆ ಬೇರೆಯವರ ತೋಟ ಮಾಡುವವರು, ಒಂದು ಹಸು ಇಟ್ಟುಕೊಂಡು ಬೇರೆಯವರ ಬದುವಿನ ಹುಲ್ಲಿನಲ್ಲಿ ಹಾಲು ಕರೆದು ಮಕ್ಕಳನ್ನು ಓದಿಸುವ ವಿಧವೆಯರು, ಇವರ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ. 2013ರ ಭೂಸ್ವಾಧೀನ ಕಾಯ್ದೆ ಇವರನ್ನು ಮರೆತಿಲ್ಲ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಜಾಗದಲ್ಲಿ ದುಡಿದು ಬದುಕಿದ ಕೂಲಿಗಾರರು, ಗೇಣಿದಾರರು ಕೂಡ ಬಾಧಿತ ಕುಟುಂಬವೇ ಅಂತ ಅದು ಹೇಳುತ್ತದೆ. ಸಾಮಾಜಿಕ ಪರಿಣಾಮ ಏನಾಗುತ್ತದೆ ಅಂತ ಮೊದಲು ಅಧ್ಯಯನ ಮಾಡಿ, ಊರಲ್ಲಿ ಸಭೆ ಕರೆದು ಕೇಳಿ ಅಂತಲೂ ಹೇಳುತ್ತದೆ. ಯಾವ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿದರೂ ಸರಿ, ಆ ಅಧ್ಯಯನ ಮಾಡಿಸಲು ನಿಮ್ಮನ್ನು ಯಾರೂ ತಡೆಯುವುದಿಲ್ಲ. ದಯವಿಟ್ಟು ಮಾಡಿಸಿ. ಅದು ಮುಗಿದು, ಅದರ ವರದಿ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಓದಲು ಸಿಗುವವರೆಗೆ ಒಂದು ಎಕರೆಯನ್ನೂ ಮುಟ್ಟಬೇಡಿ.

ನೀರಿನ ವಿಷಯದಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಬೆಂಗಳೂರಿನಿಂದ ಹೊರಡುವ ವೃಷಭಾವತಿ ನೀರು ಕೆಂಗೇರಿ ದಾಟುವಾಗ ಹೇಗಿದೆ, ನಮ್ಮ ಕೆರೆಗೆ ಬೀಳುವಾಗ ಹೇಗಿದೆ, ತೂಬಿನಲ್ಲಿ ಹೇಗಿದೆ ಅಂತ ಈ ಮೂರು ಜಾಗದಲ್ಲಿ ಪ್ರತಿ ತಿಂಗಳು ಪರೀಕ್ಷೆ ಮಾಡಿಸಿ, ಬಿಒಡಿ (ನೀರಿನಲ್ಲಿ ಕೊಳೆಯುವ ಗಲೀಜು ಎಷ್ಟಿದೆ ಅನ್ನುವ ಅಳತೆ), ಅಮೋನಿಯಾ, ಕ್ರೋಮಿಯಂ, ಸೀಸ ಎಷ್ಟೆಷ್ಟಿದೆ ಅಂತ ಪಂಚಾಯಿತಿ ಕಚೇರಿಯ ಗೋಡೆ ಮೇಲೆ ಬರೆಸಿ. ಮಾದರಿ ತೆಗೆಯುವಾಗ ಊರಿನವರು ಇಬ್ಬರಾದರೂ ಜೊತೆಗಿರಲಿ. ರಾತ್ರಿ ಹೊತ್ತು ಮತ್ತು ಜೋರು ಮಳೆ ಬಂದಾಗ ನೀರಿನ ಬಣ್ಣವೇ ಬದಲಾಗುತ್ತದೆ, ಕಾರ್ಖಾನೆಗಳು ಬಿಡುವುದೇ ಆಗ ಅಂತ ನಾಲೆ ಕಾಯುವ ನೀರುಗಂಟಿಗಳಿಗೆ ಗೊತ್ತು, ಆದ್ದರಿಂದ ಪರೀಕ್ಷೆಯೂ ಆಗಲೇ ನಡೆಯಲಿ, ಹಗಲು ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದು ಬಾಟಲಿ ತುಂಬಿಕೊಂಡು ಹೋದರೆ ನಿಜ ಸಿಗುವುದಿಲ್ಲ. ಜಲ ಮಾಲಿನ್ಯದ ಕಾಯ್ದೆ 1974ರಿಂದ ಇದೆ. ಅದರಲ್ಲಿ ಬೀಗ ಹಾಕುವ ಅಧಿಕಾರ ಇದೆ. ಒಂದು ಕಾರ್ಖಾನೆಗಾದರೂ ಬೀಗ ಬಿದ್ದು, ಅದು ನೀರು ಸರಿ ಮಾಡಿಕೊಂಡ ಮೇಲೆಯೇ ತೆರೆದರೆ ಉಳಿದವು ತಾವಾಗಿಯೇ ಸರಿಯಾಗುತ್ತವೆ.

ಮೈಸೂರು ರಸ್ತೆಯ ಪಕ್ಕದ ಶುದ್ಧೀಕರಣ ಘಟಕಗಳಿಗೆ ಎಷ್ಟು ಸಾಮರ್ಥ್ಯ ಇದೆಯೋ ಅಷ್ಟು ಕೊಳಚೆ ಅವುಗಳ ಒಳಗೆ ಹೋಗುತ್ತಿದೆಯಾ ಅಂತ ಲೆಕ್ಕ ಕೊಡಿ. ಒಳಚರಂಡಿ ಪೈಪು ಸೇರದೆ ರಾಜಕಾಲುವೆಗೆ ನೇರ ಬೀಳುವ ಮನೆಗಳ ಸಾಲುಗಳನ್ನು ಜೋಡಿಸದೆ ಎಷ್ಟು ಘಟಕ ಕಟ್ಟಿದರೂ ಪ್ರಯೋಜನ ಇಲ್ಲ. ಅಲ್ಲಿಯವರೆಗೆ, ಅಂದರೆ ನೀರು ಸರಿಯಾಗುವವರೆಗೆ, ನಮ್ಮ ಹಳ್ಳಿಗಳಿಗೆ ಕಾವೇರಿ ನೀರನ್ನೇ ಕುಡಿಯಲು ಕೊಡಿ. ಜಿಲ್ಲೆಯ ಹೆಸರಲ್ಲಿ ಬೆಂಗಳೂರು ಇದೆ, ನಗರದ ಕೊಳಚೆ ನಮ್ಮ ಕೆರೆಯಲ್ಲಿ ಇದೆ, ನಗರದ ಕುಡಿಯುವ ನೀರಿನಲ್ಲಿ ಒಂದು ಸಣ್ಣ ಪಾಲು ಕೇಳುವುದು ತಪ್ಪಲ್ಲ ಅಂದುಕೊಂಡಿದ್ದೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಒಂದು ದಿನವಾದರೂ ಚರ್ಮದ ಡಾಕ್ಟರು ಕೂರಲಿ. ಮಕ್ಕಳ ರಕ್ತದಲ್ಲಿ ಸೀಸ, ಕ್ರೋಮಿಯಂ ಇದೆಯಾ ಅಂತ ಒಂದು ಸಲ ಪರೀಕ್ಷೆ ಮಾಡಿಸಿ. ನಮಗೆ ಬೇಕಾದ್ದು ಸತ್ಯ, ಅದು ಕೆಟ್ಟದಾಗಿದ್ದರೂ ಪರವಾಗಿಲ್ಲ, ತಿಳಿದಿರಲಿ.

ಬೆಂಗಳೂರಿನ ಓದುಗರಿಗೂ ಒಂದು ಮಾತು. ನೀವು ನಮ್ಮ ಶತ್ರುಗಳಲ್ಲ. ನಾನೂ ನಿಮ್ಮ ಜೊತೆ ಅದೇ ಬಸ್ಸಿನಲ್ಲಿ ಬರುವವಳು, ಅದೇ ಕಚೇರಿಯ ಸಿಂಕಿನಲ್ಲಿ ಊಟದ ಡಬ್ಬಿ ತೊಳೆಯುವವಳು. ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿದೆ, ಈಗ ನಿಮಗೂ ಗೊತ್ತಾಯಿತು. ನಿಮ್ಮ ಬಡಾವಣೆಯ ಸಂಘದ ಸಭೆಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕ ನಿಜವಾಗಿ ಓಡುತ್ತಿದೆಯಾ, ಕರೆಂಟು ಬಿಲ್ಲು ಉಳಿಸಲು ಅದನ್ನು ನಿಲ್ಲಿಸಿದ್ದಾರಾ ಅಂತ ಒಂದು ಸಲ ಕೇಳಿ. ನಿಮ್ಮ ಶಾಸಕರು ಮತ ಕೇಳಲು ಬಂದಾಗ ಬೈರಮಂಗಲದ ಹೆಸರು ಎತ್ತಿ. ನಾವು ಕೇಳಿದರೆ ಬಿಡದಿಯಿಂದ ಮುಂದಕ್ಕೆ ಕೇಳಿಸುವುದಿಲ್ಲ. ನೀವು ಕೇಳಿದರೆ ವಿಧಾನಸೌಧಕ್ಕೆ ಕೇಳಿಸುತ್ತದೆ.

ಮಾನ್ಯ ಮುಖ್ಯಮಂತ್ರಿಗಳೇ, ಮಾನ್ಯ ಸಚಿವರೇ, ನೀವಿಬ್ಬರೂ ಒಂದು ದಿನ ನಮ್ಮ ಏರಿ ಮೇಲೆ ಬಂದು ಸಭೆ ಮಾಡಬೇಕು ಅಂತ ಕೇಳಿಕೊಳ್ಳುತ್ತೇನೆ. ಜಲಮಂಡಳಿಯ ಅಧಿಕಾರಿಗಳು, ಮಾಲಿನ್ಯ ನಿಯಂತ್ರಣ ಮಂಡಳಿಯವರು, ನೀರಾವರಿ ಎಂಜಿನಿಯರುಗಳು, ಟೌನ್‌ಶಿಪ್ ನಕ್ಷೆ ಮಾಡಿದವರು ಎಲ್ಲರೂ ಒಟ್ಟಿಗೆ ಇರಲಿ, ಒಬ್ಬರು ಇನ್ನೊಬ್ಬರ ಇಲಾಖೆ ತೋರಿಸದ ಹಾಗೆ. ಶಾಮಿಯಾನ ಬೇಡ, ಹಾರ ಬೇಡ. ಸಂಜೆ ಐದರ ಮೇಲೆ ಬನ್ನಿ, ಹಾಲು ಕರೆದು ಡೈರಿಗೆ ಹಾಕಿದ ಮೇಲೆ ಹೆಂಗಸರೂ ಬಂದು ಮಾತಾಡಲು ಆಗುತ್ತದೆ. ಯಾವ ದಿನ ಬರುತ್ತೀರಿ ಅಂತ ಪಂಚಾಯಿತಿಗೆ ಒಂದು ವಾರ ಮೊದಲು ತಿಳಿಸಿದರೆ ಸಾಕು, ಒಂಬತ್ತು ಹಳ್ಳಿಗೂ ಸುದ್ದಿ ಮುಟ್ಟಿಸುವ ಕೆಲಸ ನಮ್ಮದು.

ವಂದನೆಗಳೊಂದಿಗೆ,

ಬೈರಮಂಗಲ ಅಚ್ಚುಕಟ್ಟಿನ ಒಬ್ಬ ರೈತ ಮಹಿಳೆಯ ಮಗಳು